ನಾನು ಒದ್ದೋಡಿಸಿದ ಜಾಹೀರಾತುಗಳು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಕಂಪ್ಯೂಟರಿಗೆ ಸಿಡಿಲು ಬಡಿಯಲಿ. ನಾನು ಒಳ್ಳೆ ಕೆಲಸಕ್ಕೆ ಕೈಹಾಕಿದರೆ ಸಾಕು, ಇಂಥ ಪೇಚಾಟಗಳು ತಾವಾಗಿ ಬಂದು ಬೀಳುತ್ತವೆ. ಎರಡು ಸಾವಿರದ ಎಂಟರ ಸುಮಾರು. ಕುಮಟೆಯಲ್ಲಿ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಅಲ್ಲೇ ಕೂತು ಒಂದು ಅಡುಗೆ ವೆಬ್‌ಸೈಟ್ ಶುರುಮಾಡಿದೆ. ಬರೆಯುವವಳು ಹೆಂಡತಿ, ಹೆಸರು ಮಾಡುವವನು ನಾನು. ಪಕ್ಕದಲ್ಲಿ ಇಂಟರ್ನೆಟ್ ಕಂಪನಿಯೊಂದು ತಾನಾಗಿ ಹಾಕುವ ಜಾಹೀರಾತು, ಓದುವವರು ಅದನ್ನು ಒತ್ತಿದರೆ ನಮಗೆ ಕಾಸು.

ಪಾತೋಳಿ ಮತ್ತು ಮಾತ್ರೆ

ಅರಿಶಿನ ಎಲೆಯ ಸಿಹಿ ಕಡುಬು, ಪಾತೋಳಿ, ಬರೆದ ದಿನ ಹೆಂಡತಿ ಸ್ಕ್ರೀನ್ ನೋಡಿ ಕೆಂಡವಾದಳು.

"ಎಂತದ್ರೀ ಇದು? ನನ್ನ ಪಾತೋಳಿ ಪಕ್ಕ ಬೊಜ್ಜು ಕರಗಿಸೋ ಮಾತ್ರೆ! ಇಂಥವೆಲ್ಲ ಹೋಗೋವರೆಗೆ ನಾ ಬರೆಯೂದಿಲ್ಲ."

ಅವಳು ಬರೆಯದಿದ್ದರೆ ಸೈಟೇ ಇಲ್ಲ. ಹುಡುಕಿದೆ. ಆ ಕಂಪನಿಯ ಪುಟದಲ್ಲಿ ಜಾಹೀರಾತಿನವನ ವೆಬ್ ವಿಳಾಸ ಹಾಕಿ 'ತಡೆ' ಒತ್ತಿದರೆ ಅವನು ಮತ್ತೆ ಕಾಣುವುದಿಲ್ಲವಂತೆ. ಒತ್ತಿದೆ. ಕುಮಟೆಯಿಂದ ಭಟ್ಕಳದವರೆಗೆ ಈ ವಿದ್ಯೆ ಗೊತ್ತಿದ್ದ ಗಂಡಸು ನಾನೊಬ್ಬನೇ. ಅಂಕೋಲೆಯನ್ನು ಬೇಕಾದರೂ ಸೇರಿಸಿಕೊಳ್ಳಿ.

ಕಣ್ಣು ಹೊಡೆದವಳು

ದುಬೈಯಲ್ಲಿ ಅಂಗಡಿ ಇಟ್ಟ ಭಟ್ಕಳದ ಗೆಳೆಯ ಫೋನು ಮಾಡಿದ.

"ಕ್ಯಾ ಭಾಯ್, ನಿಮ್ಮ ಬಂಗಡೆ ಸಾರು ನೋಡೂಕೆ ಹೋದ್ರೆ ಪಕ್ಕದಲ್ಲೊಬ್ಬಳು ಕಣ್ಣು ಹೊಡೀತಾಳೆ!"

"ಅದು ಜಾಹೀರಾತು ಮಾರಾಯ."

"ನಂಗೆ ಗೊತ್ತು. ನಮ್ಮನೆಯವಳಿಗೆ ಗೊತ್ತಾಗ್ಬೇಕಲ್ಲ? ನಿನ್ನೆಯಿಂದ ಬಂಗಡೆ ಬಿಡು, ಗಂಜಿಯೂ ಇಲ್ಲ."

"ಆತು, ಅವಳ ವಿಳಾಸ ಹೇಳು, ಬರ್ಕೊಳ್ತೆ" ಎಂದೆ, ತಡೆಯಲಿಕ್ಕೆ.

ಒಳಗಿಂದ ನನ್ನ ಹೆಂಡತಿ ಸೌಟು ಹಿಡಿದೇ ಹೊರಬಂದಳು.

ಗಂಡು ನೋಡುವ ಶಾಸ್ತ್ರ

ಯಾರನ್ನು ತಡೆಯುವುದು, ಯಾರನ್ನು ಬಿಡುವುದು? ಮಂಕಿ ಊರಿಂದ ಬಂದ ಅತ್ತಿಗೆ ಪಕ್ಕದಲ್ಲಿ ಕೂತರು. ಮಗಳಿಗೆ ಗಂಡು ಹುಡುಕಿ ಹುಡುಕಿ ಅವರ ಕಣ್ಣು ಹರಿತವಾಗಿತ್ತು. ನಾನು ಒಂದೊಂದೇ ಜಾಹೀರಾತು ತೆರೆದು ತೋರಿಸಿದೆ.

"ಇವ ಎಲ್ಲಿಯವನಂತೆ ತಮ್ಮ?"

"ಊರು ಹಾಕ್ಲಿಲ್ಲ."

"ಉದ್ಯೋಗ?"

"ಮನೆಯಲ್ಲೇ ಕೂತು ಲಕ್ಷ ಗಳಿಸೂದು."

"ಬ್ಯಾಡ. ಮುಂದಿನವ?"

ಹೀಗೆ ಹತ್ತಾರು ಕಳ್ಳರು ಬಾಗಿಲಿಂದಲೇ ವಾಪಸಾದರು. ಆ ಜಾಗಕ್ಕೆ ಹೆಚ್ಚು ಕೊಡುವ ಮರ್ಯಾದಸ್ಥರು ಬಂದರು, ಗಳಿಕೆ ಏರಿತು, ಹೆಂಡತಿ ಮತ್ತೆ ಬರೆದಳು. ಒಂದು ಕುಕ್ಕರ್ ಕಂಪನಿಯಂತೂ ಊರು, ಫೋನು, ಬಾಗಿಲ ನಂಬರು ಎಲ್ಲ ಕೊಟ್ಟಿತ್ತು. ಅತ್ತಿಗೆ ಕನ್ನಡಕ ಸರಿಮಾಡಿಕೊಂಡರು:

"ಒಳ್ಳೆ ಮನೆತನ. ಮದುವೆಯಾಗದ ಗಂಡುಮಕ್ಕಳು ಇದ್ದಾರಾ ಕೇಳು."

ನನ್ನದೇ ಎಣ್ಣೆ

ಗೆದ್ದ ಅಮಲಿನಲ್ಲಿ ನಾನೂ ಒಂದು ಜಾಹೀರಾತು ಕೊಟ್ಟೆ, ಮನೆಯಲ್ಲಿ ಹೇಳದೆ. ಬೋಳುತಲೆಗೆ ನಾನೇ ಕಾಯಿಸಿದ ಎಣ್ಣೆ. 'ಹಚ್ಚುವ ಮೊದಲು' ಎಂದು ನನ್ನ ಈಗಿನ ತಲೆ. 'ಹಚ್ಚಿದ ಮೇಲೆ' ಎಂದು ಮದುವೆಗೆ ಮುಂಚಿನ ನನ್ನ ದಟ್ಟ ಕೂದಲಿನ ಫೋಟೋ. ನಮ್ಮ ಸೈಟಿನಲ್ಲೇ ಬಂತು, ಬಂಗಡೆ ಸಾರಿನ ಪಕ್ಕ. ಮಧ್ಯಾಹ್ನದೊಳಗೆ ಮಾಯ!

"ಅದನ್ನ ಯಾರು ತಡೆದದ್ದು?"

"ನಾನೇ" ಎಂದಳು ಹೆಂಡತಿ.

"ಅದು ನಾನು ಮಾರಾಯ್ತಿ! ಗುರುತು ಸಿಗ್ಲಿಲ್ವಾ?"

"ಸಿಕ್ಕಿತು, ಅದಕ್ಕೇ ತಡೆದೆ. ಆ ಫೋಟೋ ನೋಡಿ ನಾನೊಬ್ಬಳು ಮೋಸ ಹೋದದ್ದು ಸಾಕು."

ಪ್ರತಿ ಅಕ್ಷರ ಸತ್ಯ ಎಂದೆನಲ್ಲ, 'ದಟ್ಟ' ಎಂಬುದೊಂದನ್ನು ಬಿಟ್ಟು. ಆ ಕೂದಲನ್ನು ಹೊನ್ನಾವರದ ಸ್ಟುಡಿಯೋದವ ಬ್ರಷ್ಷಿನಲ್ಲಿ ತುಂಬಿಕೊಟ್ಟಿದ್ದ.