ಬಾಲಿಗೆ ಹೊರಟ ಕಾಲು

"ಬೆಳಗ್ಗೆ ಎಡಗಾಲು ಉಳುಕಿತು ಅಂದ್ರಿ. ಈಗ ಬಲಗಾಲು ಹಿಡ್ಕೊಂಡು ನರಳ್ತಿದ್ದೀರಿ. ಯಾವ ಕಾಲ್ರೀ ಅದು?"

"ನೋವು ಓಡಾಡ್ತಾ ಇದೆ ಕಣೇ. ನನ್ನ ಕಾಲು, ನನ್ನ ನೋವು. ನಿಂಗೇನು?"

"ಮದುವೆಯಾದಾಗಿನಿಂದ ತಿರುಪತಿ ಬಿಟ್ಟು ಇನ್ನೊಂದು ಊರು ತೋರಿಸಿಲ್ಲ. ನಾಳೆ ವಿಮಾನ ಹತ್ಬೇಕು, ಇವತ್ತು ಕಾಲು. ಥೂ ನಿಮ್ಮ."

ಹಂಸ ಕಾಫಿ ಲೋಟವನ್ನು ಗಂಡನ ಮುಂದೆ ಕುಕ್ಕಿ ಒಳಗೆ ಹೋದಳು.

ಜೋಗುಪಾಳ್ಯದ ಕೆಂಪರಾಜನ ಕಾಲಿಗೆ ಏನೂ ಆಗಿರಲಿಲ್ಲ. ಆಗಿದ್ದೆಲ್ಲ ಎದೆಗೆ. ಬೀದಿಯವರು ಸೇರಿ ಬಾಲಿ ದ್ವೀಪಕ್ಕೆ ಹೊರಟಿದ್ದರು. ಒಂದು ದಿನ ಸಮುದ್ರ, ಮಾರನೇ ದಿನ ಗೈಡ್ ಜೊತೆ ಬೆಟ್ಟದಲ್ಲಿ ನಡಿಗೆ. ಟೂರ್ ಏರ್ಪಡಿಸಿದ ಆದಿಲ್ ಕಳಿಸಿದ ವಿಡಿಯೋದಲ್ಲಿ ದಾರಿಯ ಒಂದು ಕಡೆ ಬೆಟ್ಟ ಇತ್ತು, ಇನ್ನೊಂದು ಕಡೆ ಏನೂ ಇರಲಿಲ್ಲ. ನೀರಿನ ಟ್ಯಾಂಕ್ ತೊಳೆಯಲಿಕ್ಕೂ ಏಣಿ ಹತ್ತದ ಕೆಂಪರಾಜ ಅದನ್ನು ನೋಡಿಯೇ ಬೆವತುಹೋದ. ಬಾಯಿಬಿಟ್ಟು ಹೇಳುವಂತಿಲ್ಲ. "ತುದಿಗೆ ಮೊದಲು ಹೋಗೋನು ನಾನೇ" ಎಂದು ಟೀ ಅಂಗಡಿಯಲ್ಲಿ ದಿನಾ ಕೊಚ್ಚಿಕೊಂಡಿದ್ದ. ಕಾಲುನೋವು ಅಂದರೆ ಹೋಟೆಲಿನಲ್ಲೇ ಕೂತು ತಿನ್ನುತ್ತಾ ಇರಬಹುದು, ಮಾನವೂ ಉಳಿಯುತ್ತದೆ ಅಂತ ಅವನ ಲೆಕ್ಕ.

ನರಳಾಟ ಕೇಳಿ ಪಕ್ಕದ ಮನೆಯಿಂದ ಅವನ ಅಣ್ಣ ಮುನಿಆಂಜನಪ್ಪ ಬಂದ.

"ಏಳೋ ಕೆಂಪ. ಶಿವಾಜಿನಗರಕ್ಕೆ ಹೋಗೋಣ. ಕಲೀಮುಲ್ಲಾ ಪೈಲ್ವಾನ್ ಕೈ ಇಟ್ರೆ ಮುಗೀತು."

"ನಂಗೂ ಅದೇ ಭಯ ಅಣ್ಣ."

ಯಾರು ಕೇಳಬೇಕು? ಆಟೋದಲ್ಲಿ ಅಣ್ಣನಿಗೂ ಹೆಂಡತಿಗೂ ಮಧ್ಯೆ, ರಸೆಲ್ ಮಾರ್ಕೆಟ್ಟಿಗೆ ಹೊರಟ ಕುರಿಯ ಹಾಗೆ ಕೂತು ಹೋದ.

ಕಲೀಮುಲ್ಲಾ ಒಂದು ಕಾಲದಲ್ಲಿ ಕುಸ್ತಿ ಆಡುತ್ತಿದ್ದವನು, ಈಗ ಮೂಳೆ ಕೂರಿಸುತ್ತಾನೆ. ಕಾಲನ್ನು ಅತ್ತಿತ್ತ ಒತ್ತಿ ನೋಡಿದ.

"ಏನಿಲ್ವಲ್ಲ ಇದ್ರಲ್ಲಿ."

ಕೆಂಪರಾಜ ಗಾಬರಿಯಾಗಿ, ಬೇರೆಯವರಿಗೆ ಕಾಣದಂತೆ ಕಣ್ಣು ಹೊಡೆದ. ಪೈಲ್ವಾನ್‌ಗೆ ಅರ್ಥವಾಗಲಿಲ್ಲ ಅಂತ ಇನ್ನೊಮ್ಮೆ ಹೊಡೆದ.

"ಅರೆ, ನರ ಮುಖಕ್ಕೆ ಏರ್ಬಿಟ್ಟಿದೆ. ಹಿಡ್ಕೊಳಿ ಇವ್ರನ್ನ."

ಎಣ್ಣೆ ಸುರಿದು ಅವನು ಎಳೆದ ಎಳೆತಕ್ಕೆ ಕೆಂಪರಾಜ ಕೂಗಿದ್ದು ಬಸ್ ನಿಲ್ದಾಣಕ್ಕೂ ಕೇಳಿಸಿತು. ಆಮೇಲೆ ಬಿದಿರು ಪಟ್ಟಿ ಇಟ್ಟು ಪಾದದಿಂದ ತೊಡೆವರೆಗೆ ಬಿಗಿದ ಕಟ್ಟಿನಿಂದ ಕಾಲು ಬಾಳೆಕಂಬದ ಹಾಗಾಯಿತು. ಮಡಚುವ ಮಾತೇ ಇಲ್ಲ. ಆದರೂ ಕೆಂಪರಾಜನಿಗೆ ಒಳಗೊಳಗೇ ಖುಷಿ. ಇನ್ನು ಇವನನ್ನು ಬೆಟ್ಟ ಹತ್ತಿಸುವವರು ಯಾರು?

ಸಂಜೆ ಆದಿಲ್ ಬಂದಾಗ ಮನೆ ತುಂಬ ಬೀದಿಯ ಜನ. ಕೆಂಪರಾಜ ಧ್ವನಿ ತಗ್ಗಿಸಿದ.

"ನನ್ನ ಗ್ರಹಚಾರ ಕಣಪ್ಪ. ಬೆಟ್ಟಕ್ಕೆ ಇವರನ್ನೆಲ್ಲ ಕರ್ಕೊಂಡ್ಹೋಗು. ನಾನು ಹೋಟೆಲ್‌ನಲ್ಲೇ ದಾರಿ ಕಾಯ್ತೀನಿ."

ಹಂಸಳ ಕಣ್ಣು ತುಂಬಿತು. ಅದನ್ನು ನೋಡಿ ಆದಿಲ್ ಹೊರಗೆ ಹೋಗಿ ಫೋನ್ ಮಾಡಿ, ನಗುತ್ತಾ ವಾಪಸ್ ಬಂದ.

"ಅಂಕಲ್, ಚಿಂತೆ ಬಿಡಿ. ಗೈಡ್ ಜೊತೆ ಮಾತಾಡ್ದೆ. ನಡೆಯೋಕಾಗದವರಿಗೆ ಬಿದಿರು ಕುರ್ಚಿ ಇದೆಯಂತೆ, ನಾಲ್ಕು ಜನ ಹೆಗಲ ಮೇಲೆ ಹೊರ್ತಾರೆ. ನಡೆಯೋರು ಸುಸ್ತಾದ್ರೆ ಅರ್ಧದಲ್ಲೇ ಟೀ ಕುಡ್ಕೊಂಡು ಕೂತ್ಕೋಬಹುದು. ನಿಮಗೆ ಸುಸ್ತೆಲ್ಲಿ? ನೇರ ತುದಿಗೆ."

"ಕಾಲು ಮಡಚೋಕಾಗಲ್ವಲ್ಲಪ್ಪ," ಎಂದ ಕೆಂಪರಾಜ.

"ಅದನ್ನೂ ಹೇಳ್ದೆ. ಬೆಟ್ಟದ ಕಡೆ ತಿರುಗಿಸಿದ್ರೆ ಕಾಲು ಬಂಡೆಗೆ ತಗಲುತ್ತೆ. ಅದಕ್ಕೆ ಕುರ್ಚಿನ ಪ್ರಪಾತದ ಕಡೆ ತಿರುಗಿಸ್ತಾರಂತೆ. ಕಾಲು ಆರಾಮಾಗಿ ಗಾಳೀಲಿರುತ್ತೆ."

ಮುನಿಆಂಜನಪ್ಪ ತಮ್ಮನ ಬೆನ್ನು ತಟ್ಟಿದ. "ನೋಡ್ದೇನೋ? ತುದಿಗೆ ಮೊದಲು ಹೋಗೋನು ನೀನೇ."

ಆದಿಲ್ ಫೋನಿನಲ್ಲಿ ಕುರ್ಚಿಯ ಫೋಟೋ ತೋರಿಸಿದ. ಕೆಂಪರಾಜ ನೋಡಿದ. ಎದ್ದ. ಯಾರ ಕೈಯನ್ನೂ ಹಿಡಿಯದೆ ಬಾಳೆಕಂಬವನ್ನು ಬೀಸಿಕೊಂಡು ಹೊಸಿಲು ದಾಟಿದ. ಬೀದಿಯ ಮಧ್ಯೆ ಬಿದಿರು ಪಟ್ಟಿಗಳು ಪಟಪಟ ಮುರಿದವು. ಆಮೇಲೆ ಓಟ. ಬಟ್ಟೆಯ ಪಟ್ಟಿ ಹಿಂದೆ ಬಾಲದ ಹಾಗೆ ಹಾರುತ್ತಾ ಹಲಸೂರಿನ ಕಡೆ ತಿರುಗಿತು.

ಕತ್ತಲಾದರೂ ಅವನು ಬರಲಿಲ್ಲ. ಹಂಸ ಬಾಗಿಲಲ್ಲೇ ನಿಂತಿದ್ದವಳು ಒಳಗೆ ಬಂದು ಆದಿಲ್‌ಗೆ ಹೇಳಿದಳು:

"ಅವರ ಎರಡು ಕಾಲೂ ನೆಟ್ಟಗಿವೆ. ಗೈಡ್‌ಗೆ ಆ ಕುರ್ಚಿ ಬೇಡ ಅನ್ಬೇಡಪ್ಪ, ನಾನು ಕೂತ್ಕೋತೀನಿ."