ಮೆಂಟೆನನ್ಸ್ ಇಲ್ಲದ ಹೂವಿನ ಪಾತಿ

ಚಾಕಣದ ಒಂದು ಕಾರ್ಖಾನೆಯಲ್ಲಿ ನಾನು ಮೆಂಟೆನನ್ಸ್ ವಿಭಾಗದ ಮುಖ್ಯಸ್ಥ. ಇಡೀ ದಿನ ಯಂತ್ರಗಳ ಗೋಳು ಕೇಳಿ ಬಂದವನಿಗೆ ಮನೆಯಲ್ಲಿ ಒಂದು ನಲ್ಲಿಯೂ ಸೋರಬಾರದು ಅನ್ನಿಸುತ್ತದೆ. ಆದ್ದರಿಂದ ಚಿಂಚವಾಡದ ನಮ್ಮ ಮನೆಯ ಸುತ್ತ ಹೂವಿನ ಪಾತಿ ಮಾಡೋಣ ಎಂದು ಹೆಂಡತಿ ವಿಮಲಾ ಹೇಳಿದಾಗ ಸ್ಪಷ್ಟವಾಗಿ ಷರತ್ತು ಹಾಕಿದೆ. ನೀರು ಹಾಕುವುದು, ಕಳೆ ಕೀಳುವುದು, ಗೊಬ್ಬರ ಹೊರುವುದು, ಯಾವುದೂ ಇರಕೂಡದು!

"ಹಂಗಾರ ಪ್ಲಾಸ್ಟಿಕ್ ಹೂ ಹಚ್ರಿ," ಅಂದಳು.

"ನೀ ಸುಮ್ನಿರು. ಇದಕ್ಕ ಪ್ಲಾನಿಂಗ್ ಬೇಕು. ಈ ಸಲ ಗೌರಿಗೆ ಮಾರ್ಕೆಟ್ಟಿನ ಹೂ ಬ್ಯಾಡ. ಎಲ್ಲಾ ನಮ್ಮ ಅಂಗಳದ್ದು!"

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ಅರಿಶಿನ-ಕುಂಕುಮಕ್ಕೆ ಬರುವ ಗೆಳತಿಯರಿಗೆಲ್ಲ ಫೋನ್ ಮಾಡಿ, "ಈ ವರ್ಷ ನಮ್ಮನಿ ಹೂವಿನಿಂದನ ಉಡಿ ತುಂಬ್ತೀನ್ರಿ" ಎಂದು ಸಾರಿಯೂಬಿಟ್ಟಳು. ಅವಳ ಮರ್ಯಾದೆ ಈಗ ನನ್ನ ಕೈಯಲ್ಲಿತ್ತು. ನನಗಂತೂ ಕಿಂಚಿತ್ತೂ ಭಯವಿರಲಿಲ್ಲ.

ಏಕೆಂದರೆ ನನ್ನ ಬಳಿ ಒಂದು ಗೋಣಿಚೀಲವಿತ್ತು. ದಸರಾಕ್ಕೆ ನಮ್ಮ ಕಾರ್ಖಾನೆಯ ಯಂತ್ರಗಳಿಗೆಲ್ಲ ಚೆಂಡು ಹೂವಿನ ಮಾಲೆ ಹಾಕುತ್ತಾರೆ. ಧಾರವಾಡದವನಾದ ನಾನು ಊರಿನ ಪದ್ಧತಿ ಬಿಡದೆ, ಕಂಪ್ರೆಸರ್ ಮುಂದೆ ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನೂ ಒಡೆಯುತ್ತೇನೆ. ಹಬ್ಬ ಮುಗಿದ ಮೇಲೆ ನೆಲದಿಂದ ಗುಡಿಸಿದ ಹೂವನ್ನೆಲ್ಲ ಚೀಲಕ್ಕೆ ತುಂಬಿ ತಂದು, ಮಾಳಿಗೆಯ ಮೇಲೆ ಒಣಗಿಸಿಟ್ಟಿದ್ದೆ. ಒಣಗಿದ ಚೆಂಡು ಹೂವಿನೊಳಗೇ ಬೀಜ ಇರುತ್ತದಲ್ಲ! ಮಳೆಗಾಲದಲ್ಲಿ ಉದುರಿಸಿದರಾಯಿತು, ನೀರಿನ ಚಿಂತೆ ವರುಣದೇವನದು. ನನ್ನದು ಕುರ್ಚಿ ಹಾಕಿಕೊಂಡು ಚಹಾ ಕುಡಿಯುವ ಕೆಲಸ.

ಮೊದಲ ಮಳೆ ಬಿದ್ದ ಕೂಡಲೇ ಚೀಲವನ್ನು ಪಾತಿಗಳ ಮೇಲೆ ಕೊಡವಿದೆ. ಕೆಲವೇ ದಿನಗಳಲ್ಲಿ ಬಂದವು ಮೊಳಕೆ! ಕೆಲವು ಬಡಕಲು, ಕೆಲವು ದಷ್ಟಪುಷ್ಟ. ಕಾರ್ಖಾನೆಯ ಅನುಭವವನ್ನೆಲ್ಲ ಒಟ್ಟುಗೂಡಿಸಿ, ಕಣ್ಣಿಗೆ ಕನ್ನಡಕ ಏರಿಸಿ, ಬಡಕಲು ಮೊಳಕೆಗಳನ್ನು 'ರಿಜೆಕ್ಟ್' ಎಂದು ಘೋಷಿಸಿ ಒಂದೂ ಬಿಡದೆ ಕಿತ್ತೆಸೆದೆ. ಕಳೆ ಕೀಳುವುದಿಲ್ಲ ಎಂಬ ನನ್ನ ನಿಯಮವನ್ನು ಮುರಿದದ್ದು ಅದೊಂದೇ ಸಲ. ಅಷ್ಟೇ ಸಾಕಾಯಿತು!

ಉಳಿದವು ಬೆಳೆದವು. ಎಲೆಗಳು ಅಂಗೈಗಿಂತ ದೊಡ್ಡವಾದವು.

"ರೀ, ಇದು ಚೆಂಡು ಹೂವಿನ ಎಲಿ ಅಲ್ಲರೀ," ಅಂದಳು ವಿಮಲಾ.

"ಚಾಕಣದ ಬೀಜ ಇದು. ಇಂಡಸ್ಟ್ರಿಯಲ್ ಗ್ರೇಡ್!"

ಇಂಡಸ್ಟ್ರಿಯಲ್ ಗ್ರೇಡ್ ಬಳ್ಳಿ ಕಿಟಕಿಯ ಸರಳು ಹಿಡಿಯಿತು. ಬಟ್ಟೆ ಒಣಹಾಕುವ ತಂತಿ ಹಿಡಿಯಿತು. ಎರಡು ದಿನ ರಜೆ ಹಾಕಿ ಮನೆಯಲ್ಲಿದ್ದೆ, ನನ್ನ ಸ್ಕೂಟರನ್ನೂ ಹಿಡಿಯಿತು. ಒಂದು ಬೆಳಿಗ್ಗೆ ಹಳದಿ ಹೂ ಅರಳಿದ್ದನ್ನು ಕಂಡು, "ನೋಡು, ನಮ್ಮ ಮೊದಲ ಚೆಂಡು ಹೂ!" ಎಂದು ಕುಣಿದೆ. ಪಕ್ಕದ ಮನೆಯ ಜೋಶಿ ಕಾಕು ಗೋಡೆಯಾಚೆಯಿಂದ ಇಣುಕಿ, "ಅಹೋ, ಹಾ ತರ್ ಕೋಹಳಾ!" ಎಂದು ಮರಾಠಿಯಲ್ಲಿ ಕೂಗಿ ನಕ್ಕು, ತಮ್ಮ ಕಡೆಗೆ ದಾಟಿದ್ದ ಬಳ್ಳಿಯನ್ನು ಎತ್ತಿ ತೋರಿಸಿದರು. ಅದರ ತುದಿಯಲ್ಲಿ ಮೈತುಂಬ ನವಿರು ರೋಮ ಹೊತ್ತ ಪುಟ್ಟ ಬೂದುಗುಂಬಳಕಾಯಿ ಜೋತಾಡುತ್ತಿತ್ತು.

ವಿಮಲಾ ಬಹಳ ಮೆತ್ತಗೆ ಕೇಳಿದಳು. "ದಸರಾದಾಗ ಕುಂಬಳಕಾಯಿ ಒಡದ್ರೆಲ್ಲ, ಅದರ ಬೀಜ ಎಲ್ಲಿ ಹೋದ್ವು?"

ನಾನು ಚಹಾ ಕುಡಿದೆ. ಚಹಾ ಮುಗಿದಿತ್ತು, ಆದರೂ ಕುಡಿದೆ.

ಗೌರಿ ಹಬ್ಬ ಬಂದೇಬಿಟ್ಟಿತು. ಅಂಗಳದಲ್ಲಿ ಎಲ್ಲಿ ಕಾಲಿಟ್ಟರೂ ಬೂದುಗುಂಬಳಕಾಯಿ, ಚೆಂಡು ಹೂ ಮಾತ್ರ ಒಂದೂ ಇಲ್ಲ, ಅವೆಲ್ಲ ಮೊಳಕೆಯಲ್ಲೇ ನನ್ನಿಂದ 'ರಿಜೆಕ್ಟ್' ಆಗಿದ್ದವು! ಗೆಳತಿಯರಿಗೆ ಏನು ಹೇಳುವುದೆಂದು ವಿಮಲಾ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. ನನಗೆ ನಿಜಕ್ಕೂ ಪಾಪ ಅನ್ನಿಸಿತು. "ಮಾರ್ಕೆಟ್ಟಿಗೆ ಓಡಿ ಹೋಗಿ ತರ್ತೀನಿ," ಅಂದೆ.

"ಬ್ಯಾಡ. ಅಂಗಳದ್ದು ಅಂತ ಹೇಳೀನಿ, ಅಂಗಳದ್ದನ್ನ ಕೊಡ್ತೀನಿ," ಎಂದವಳೇ ಸೆರಗು ಸಿಕ್ಕಿಸಿ ಎದ್ದಳು.

ಕುಂಬಳದ ಹಳದಿ ಹೂಗಳಲ್ಲೇ ಗೌರಿ ಶೃಂಗಾರಗೊಂಡಳು. ಬಂದ ಗೆಳತಿಯರಿಗೆಲ್ಲ, "ಹಬ್ಬದಾಗ ಕುಂಬಳಕಾಯಿ ದಾನ ಭಾಳ ಪುಣ್ಯ ಅಂತ್ರಿ. ಅದಕ್ಕಂತನ ನಮ್ಮವರು ಬೆಳದಾರ!" ಎಂದು ಇಡಿಯಾದ ಕಾಯಿಯನ್ನೇ ಉಡಿಗೆ ಹಾಕಿದಳು. ಪೇಟೆಯ ಹೂವಿಗೆ ಇಲ್ಲದ ಸಂಭ್ರಮ! ಒಬ್ಬಾಕೆಗೆ ಸಂಡಿಗೆ ನೆನಪಾಯಿತು, ಇನ್ನೊಬ್ಬಾಕೆಗೆ ಹಲ್ವಾ. ರೇಷ್ಮೆ ಸೀರೆಯವರೆಲ್ಲ ಕಾಯಿಗಳನ್ನು ಕೂಸಿನಂತೆ ಎತ್ತಿಕೊಂಡು ರಿಕ್ಷಾ ಹತ್ತಿದರು. ವಿಮಲಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನಾನೂ ನಿರಾಳವಾಗಿ ಕುರ್ಚಿ ಹಾಕಿಕೊಂಡು ಕೂತೆ.

ಆಗ ಫೋನ್ ಬಂತು.

"ವಿಮಲಾ, ಕಾಯಿ ಭಾಳ ಛಲೋ ಅದ. ಆದ್ರ ಇಡೀ ಕುಂಬಳಕಾಯಿ ಹೆಂಗಸರು ಹೆಚ್ಚಬಾರದಲ್ಲ, ಮೊದಲ ಗಂಡಸರು ಒಡೀಬೇಕು. ನಮ್ಮವರು ಟೂರಿಗೆ ಹೋಗ್ಯಾರ. ನಿಮ್ಮವರನ್ನ ಒಂಚೂರು ಕಳಸ್ತೀಯೇನ?"

"ಅಯ್ಯೋ, ಅದಕ್ಕೇನ? ಖಾಲೀನ ಕೂತಾರ," ಅಂದಳು ನನ್ನ ಹೆಂಡತಿ.

ಒಬ್ಬರ ಮನೆಯವರು ಟೂರಿನಲ್ಲಿ, ಇನ್ನೊಬ್ಬರ ಮನೆಯವರಿಗೆ ಸೊಂಟನೋವು, ಮತ್ತೊಬ್ಬರ ಮನೆಯವರಿಗೆ ರಾತ್ರಿ ಪಾಳಿ. ಹಬ್ಬ ಕಳೆದರೂ ಕರೆ ನಿಂತಿಲ್ಲ. ಈಗ ದಿನವೂ ಕಾರ್ಖಾನೆಯಿಂದ ಬಂದವನೇ, ಟವೆಲಿನಲ್ಲಿ ಕತ್ತಿ ಸುತ್ತಿಕೊಂಡು ಸ್ಕೂಟರ್ ಏರಿ ಪಿಂಪ್ರಿ, ಚಿಂಚವಾಡ ಸುತ್ತುತ್ತೇನೆ. ಹೂವಿನ ಪಾತಿ ಹೇಗಿದೆ ಎಂದು ಯಾರಾದರೂ ಕೇಳಿದರೆ ವಿಮಲಾ ಹೆಮ್ಮೆಯಿಂದ ಹೇಳುತ್ತಾಳೆ: "ಮೆಂಟೆನನ್ಸ್ ಏನೂ ಇಲ್ಲರೀ. ಎಲ್ಲಾ ನಮ್ಮವರೇ ಮಾಡ್ತಾರ!"