ಮನೆಯಲ್ಲಿ ಎಲ್ಲಕ್ಕಿಂತ ಕೆಟ್ಟ ವಸ್ತು

ಮಗಳು: ಅಪ್ಪಾ! ಇದಕ್ಕೆ ಬಣ್ಣ ಹೊಡೆದೋರು ಯಾರು?

ಅಪ್ಪ: ಮುಟ್ಟಬೇಡ, ಮುಟ್ಟಬೇಡ! ಇನ್ನೂ ಹಸಿ ಇದೆ.

ಮಗಳು: ಹಸಿ ಇರೋದು ನನಗೂ ಕಾಣ್ತಿದೆ. ಯಾಕೆ ಹೊಡೆದ್ರಿ ಅಂತ ಕೇಳ್ತಿದ್ದೀನಿ.

ಅಪ್ಪ: ಯೂನಿವರ್ಸಿಟಿಗೆ ಹೋಗೋ ವಸ್ತು ಕಣಮ್ಮ. ಧೂಳು ಹಿಡಿದದ್ದನ್ನ ಹಾಗೇ ಕಳಿಸೋಕಾಗುತ್ತಾ? ಬೆಳಗಾಗೋ ಮುಂಚೆ ಎದ್ದು ಬಳಿದೆ.

ಮುಂಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡು ಎಳೆ ಹಸಿರು ಬಣ್ಣದಲ್ಲಿ ಮಿರಮಿರ ಮಿಂಚುತ್ತಿತ್ತು. ಬಹಳ ವರ್ಷಗಳ ಹಿಂದೆ ಅಪ್ಪನೇ ಕೈಯಾರೆ ಮಾಡಿದ್ದು. ಅಪ್ಪ ವಿಮಾ ಕಚೇರಿಯ ಗುಮಾಸ್ತ, ಸುತ್ತಿಗೆ ಹಿಡಿಯುವುದು ಭಾನುವಾರ ಮಾತ್ರ. ಸ್ಟ್ಯಾಂಡನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗಳು ಪ್ರಾಡಕ್ಟ್ ಡಿಸೈನ್ ಓದುತ್ತಿರುವ ಎರಡನೇ ವರ್ಷದ ವಿದ್ಯಾರ್ಥಿನಿ. ಅಂದರೆ ಒಂದು ಚಮಚವನ್ನೂ ಸುಮ್ಮನೆ ಕೈಗೆತ್ತಿಕೊಳ್ಳಲಾರದವಳು. ತಿರುಗಿಸಿ ನೋಡಿ, ನಿಟ್ಟುಸಿರು ಬಿಟ್ಟು, ಆಮೇಲೆ ಉಣ್ಣುವವಳು.

ಮಗಳು: (ಸ್ಟ್ಯಾಂಡನ್ನು ಬೆರಳಿಂದ ತಳ್ಳಿ) ಇದು ಅಲುಗಾಡ್ತಾನೂ ಇಲ್ಲ!

ಅಪ್ಪ: ಕಾಲಿಗೆ ಬೆಣೆ ಕೊಟ್ಟೆ.

ಮಗಳು: ಪಕ್ಕದಲ್ಲಿ ಒಂದು ಮೊಳೆ ಎದ್ದಿತ್ತಲ್ಲ, ದಿನಾ ಬಟ್ಟೆಗೆ ಸಿಕ್ಕಿ ಹರೀತಿತ್ತಲ್ಲ, ಅದು?

ಅಪ್ಪ: ಬಡಿದು ಕೂರಿಸಿದೆ. ಮೇಲೆ ಬಣ್ಣ. ಎಲ್ಲಿತ್ತು ಅಂತ ನನಗೇ ಈಗ ಗೊತ್ತಾಗಲ್ಲ.

ಮಗಳು: ಹೋಯ್ತು. ನನ್ನ ಕಥೆ ಮುಗೀತು.

ಅವಳು ತಲೆ ಮೇಲೆ ಕೈ ಹೊತ್ತು ನೆಲದ ಮೇಲೆ ಕೂತುಬಿಟ್ಟಳು. ಅಪ್ಪನಿಗೆ ಅದು ಸಂತೋಷದ ಭಾರ ಅನ್ನಿಸಿತು.

ಅಪ್ಪ: (ಒಳಗೆ ಕೂಗಿ) ಇಲ್ಲಿ ಬಾರೇ, ಮಗಳಿಗೆ ಮಾತೇ ಹೊರಡ್ತಿಲ್ಲ!

ಅಮ್ಮ ಬಂದಳು. ಶಾಲೆಯಲ್ಲಿ ಗಣಿತದ ಟೀಚರು. ಮನೆಯಲ್ಲೂ ಎಲ್ಲರ ಲೆಕ್ಕ ಸರಿ ಮಾಡುವ ಕೆಲಸ ಅವಳದೇ.

ಅಮ್ಮ: ಏನದು ಬೆಳಗ್ಗೆ ಬೆಳಗ್ಗೆ? ಚಪ್ಪಲಿಗಳೆಲ್ಲ ಯಾಕೆ ಸೋಫಾ ಮೇಲಿವೆ?

ಅಪ್ಪ: ಬಣ್ಣ ಒಣಗೋವರೆಗೆ ಅಷ್ಟೇ. ಇಡೀ ಮನೆ ಹುಡುಕಿ ಇದನ್ನೇ ಆರಿಸಿದ್ದಾಳಂತೆ. ನಿನ್ನೆ ಅವಳೇ ಹೇಳಿದ್ದು. ನನ್ನ ತಮ್ಮನಿಗೂ ಫೋನ್ ಮಾಡಿ ತಿಳಿಸಿದ್ದೀನಿ.

ಮಗಳು: ಚಿಕ್ಕಪ್ಪನಿಗಾ? ಅಯ್ಯೋ! ಅಪ್ಪಾ, ನಾನು ಯಾತಕ್ಕೆ ಆರಿಸಿದೆ ಅಂತ ಕೇಳಿದ್ರಾ?

ಅಪ್ಪ: ಒಳ್ಳೇ ವಸ್ತುವನ್ನ ಆರಿಸೋಕೆ ಕಾರಣ ಬೇರೆ ಬೇಕಾ?

ಮಗಳು: ನಮ್ಮ ಮೇಷ್ಟ್ರು ಹೇಳಿರೋದು, ನಿಮ್ಮನಿಮ್ಮ ಮನೇಲಿ ದಿನಾ ಬಳಸೋ ವಸ್ತುಗಳಲ್ಲಿ ಎಲ್ಲಕ್ಕಿಂತ ಕೆಟ್ಟ ಡಿಸೈನ್ ಇರೋದನ್ನ ತನ್ನಿ, ಯಾಕೆ ಕೆಟ್ಟದು ಅಂತ ಕ್ಲಾಸಿನ ಮುಂದೆ ವಾದ ಮಾಡಿ ಅಂತ. ಈ ಸೆಮಿಸ್ಟರಿನ ಅರ್ಧ ಮಾರ್ಕ್ಸು ಇದಕ್ಕೇ.

ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗು ಸೆರಗನ್ನೂ ದಾಟಿ ಹೊರಬಂತು.

ಅಪ್ಪ: ನಗು, ಚೆನ್ನಾಗಿ ನಗು. ಮಗಳನ್ನ ಓದಿಸಿದ್ದು ಇದಕ್ಕೇ ಅಲ್ವಾ?

ಅಮ್ಮ: ನಾನು ಇಷ್ಟು ವರ್ಷ ಹೇಳಿದ್ದನ್ನ ಯೂನಿವರ್ಸಿಟಿ ಈಗ ಒಪ್ಪಿಕೊಳ್ತಿದೆ, ಅದಕ್ಕೆ ನಗು ಬಂತು. ಬರ್ಕೋ ಮಗಳೇ. ಮೇಲಿನ ಹಲಗೆ ಮೇಲೆ ಏನಿಟ್ಟರೂ ಹಿಂದಕ್ಕೆ ಜಾರಿ ಗೋಡೆ ಸಂದಿಗೆ ಬೀಳುತ್ತೆ.

ಅಪ್ಪ: ಅದನ್ನೂ ಸರಿ ಮಾಡಿದೆ. ಹಿಂದೆ ಒಂದು ಪಟ್ಟಿ ಹೊಡೆದೆ.

ಮಗಳು: ಪಟ್ಟೀನೂ ಹೊಡೆದ್ರಾ! ಇಷ್ಟು ವರ್ಷ ಸುಮ್ಮನಿದ್ದು ಇವತ್ತೇ ಯಾಕಪ್ಪಾ?

ಅಪ್ಪ: ಇಷ್ಟು ವರ್ಷ ಯಾರೂ ಇದನ್ನ ನೋಡ್ತೀವಿ ಅಂದಿರಲಿಲ್ಲ.

ಹೇಳಿದ ಮೇಲೆ ಅಪ್ಪನ ಮುಖ ಗಾಳಿ ಹೋದ ಬಲೂನಿನಂತಾಯಿತು. ಹೋಗಿ ಊಟದ ಮೇಜಿನ ಮುಂದೆ ಕುಸಿದು ಕೂತ. ಮಗಳಿಗೆ ಪಾಪ ಅನ್ನಿಸಿತು. ಮೇಜಿನ ಮೇಲಿದ್ದ ಬಿಳಿಯ ಹೂಜಿಯನ್ನೆತ್ತಿದಳು. ಉದ್ದ ಕೊರಳಿನ, ಹಿಡಿಯೇ ಇಲ್ಲದ ನುಣುಪು ಹೂಜಿ ಅದು.

ಮಗಳು: ಸ್ವಲ್ಪ ನೀರು ಕುಡೀರಿ ಅಪ್ಪಾ. ಇದರಲ್ಲಿ ಅವಮಾನ ಏನೂ ಇಲ್ಲ, ಇದು ಬರೀ ಪಾಠ.

ಲೋಟಕ್ಕೆ ಬಿದ್ದ ನೀರು ಅರ್ಧ. ಉಳಿದರ್ಧ ಅಪ್ಪನ ಅಂಗಿಯ ತೋಳಿಗೆ ಹೋಯಿತು. ಅಪ್ಪ ತೋಳು ಹಿಂಡಿಕೊಂಡ. ಅಮ್ಮ ಹೆಗಲ ಮೇಲಿದ್ದ ಬಟ್ಟೆಯಿಂದ ಮೇಜು ಒರೆಸಿದಳು. ಇಬ್ಬರೂ ಚಕಾರವೆತ್ತಲಿಲ್ಲ. ಮಗಳ ಕಣ್ಣೆಲ್ಲ ಸ್ಟ್ಯಾಂಡಿನ ಮೇಲೆ.

ಅಪ್ಪ: ನಿನಗೆ ಮಾರ್ಕ್ಸ್ ಬೇಕು, ಅಷ್ಟೇ ತಾನೆ? ತಾ ಇಲ್ಲಿ ಸುತ್ತಿಗೆ. ಮೊದಲಿನ ಹಾಗೇ ಕೆಡಿಸಿ ಕೊಡ್ತೀನಿ.

ಮಗಳು: ನಿಜವಾಗ್ಲೂ? ನಮ್ಮಪ್ಪ ಅಂದ್ರೆ ನಮ್ಮಪ್ಪ! ಗೆಳತಿ ವ್ಯಾನ್ ತರ್ತಾಳೆ, ಬೇಗ.

ಅಪ್ಪ ಬೆಣೆ ಕಿತ್ತ. ಸ್ಟ್ಯಾಂಡು ಅಲುಗಲಿಲ್ಲ. ಒಂದು ಕಾಲನ್ನು ಗರಗಸದಿಂದ ಚೂರು ಕೊಯ್ದ. ಅದು ಇನ್ನಷ್ಟು ನೆಟ್ಟಗೆ, ಗೋಡೆಗೆ ಅಂಟಿದ ಹಾಗೆ ನಿಂತಿತು.

ಅಪ್ಪ: ನೋಡು ಇದರ ಕೊಬ್ಬು! ಅವತ್ತು ಒಳ್ಳೇದು ಮಾಡೋಣ ಅಂತ ಹೆಣಗಾಡಿದ್ದಕ್ಕೆ ಸೊಟ್ಟಗೆ ನಿಂತಿತ್ತು. ಇವತ್ತು ಕೆಡಿಸ್ತೀನಿ ಅಂದ್ರೆ ನೆಟ್ಟಗಾಗುತ್ತೆ.

ಅಮ್ಮ: ಹಾಗಾದ್ರೆ ಅವತ್ತೇ ಕೆಡಿಸೋ ಮನಸ್ಸು ಮಾಡಬೇಕಿತ್ತು.

ಮಗಳು: ಬಿಡಿ, ಬಿಡಿ! ಖಾನೆಗಳು ಹಾಗೇ ಇವೆಯಲ್ಲ! ಅಷ್ಟು ಸಾಕು ನನಗೆ. ಅಮ್ಮ, ಈ ಖಾನೆಯೊಳಗೆ ನಿನ್ನ ಚಪ್ಪಲಿ ಹಿಡಿಸುತ್ತಾ?

ಅಮ್ಮ: ಹೆಬ್ಬೆರಳಿನಷ್ಟು ಹೋಗುತ್ತೆ. ಉಳಿದದ್ದು ಹೊರಗೆ. ಕತ್ತಲಲ್ಲಿ ನಾನೇ ಎಡವಿದ್ದೀನಿ.

ಮಗಳು: ಅಪ್ಪನ ಬೂಟು?

ಅಮ್ಮ: ಕೇಳೋದೇ ಬೇಡ.

ಮಗಳು: (ಎದ್ದು ನಿಂತು, ಕ್ಲಾಸಿನ ಮುಂದೆ ಮಾತಾಡುವ ದನಿಯಲ್ಲಿ) ಗಮನಿಸಿ! ಈ ಮನೆಯ ಒಂದೇ ಒಂದು ಕಾಲಿಗೂ ಈ ಖಾನೆ ಆಗಲ್ಲ. ಡಿಸೈನಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಮಾಡಿದೋರು ಬಳಸೋರ ಕಡೆ ಒಂದು ಸಲಾನೂ ತಿರುಗಿ ನೋಡಿಲ್ಲ...

ಅಪ್ಪ: ನೋಡಿಲ್ವಾ?

ಅಪ್ಪನ ದನಿ ಏರಿತು. ಅವನು ಕೆಟ್ಟ ಬಡಗಿ ಅನ್ನಿಸಿಕೊಳ್ಳಲು ಸಿದ್ಧನಿದ್ದ. ಈ ಮಾತನ್ನು ಮಾತ್ರ ಸುತರಾಂ ಒಪ್ಪಲಾರ.

ಅಪ್ಪ: ನೀನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಮಾಡಿದ್ದು ಇದು. ದಿನಾ ಬೆಳಗ್ಗೆ ನಿನ್ನ ಒಂದು ಶೂ ಸಿಗ್ತಿತ್ತು, ಇನ್ನೊಂದು ಸಿಗ್ತಿರಲಿಲ್ಲ. ದಿನಾ ಅಳು. ನಿನ್ನ ಆ ನೀಲಿ ಶೂ ಹಲಗೆ ಮೇಲಿಟ್ಟು, ಸುತ್ತ ಪೆನ್ಸಿಲಲ್ಲಿ ಗೀಟು ಹಾಕಿ ಖಾನೆ ಮಾಡಿದೆ. ನಿನ್ನ ಕೈಗೆ ಎಟುಕಲಿ ಅಂತ ಗಿಡ್ಡ ಮಾಡಿದೆ. ಬಳಸೋರನ್ನ ನೋಡಿಯೇ ಮಾಡಿದ್ದು ಕಣೇ. ಬಳಸೋರು ಬೆಳೆದುಬಿಟ್ರು, ನಾನೇನು ಮಾಡ್ಲಿ?

ಮಗಳು ಸ್ಟ್ಯಾಂಡಿನ ಮುಂದೆ ಮೊಣಕಾಲೂರಿದಳು. ಬಗ್ಗಿ ಖಾನೆಯೊಳಗೆ ಕೈಯಿಟ್ಟು ನೋಡಿದಳು. ಅಂಗೈ ಸರಿಯಾಗಿ ಹಿಡಿಸಿತು. ಅಳುವುದಕ್ಕೆ ಪುರುಸೊತ್ತಿರಲಿಲ್ಲ.

ಮಗಳು: ನಮ್ಮ ಮೇಷ್ಟ್ರು ಕೇಳೋ ಮೊದಲನೇ ಪ್ರಶ್ನೇನೇ ಇದು. ಯಾರಿಗೋಸ್ಕರ ಮಾಡಿದ್ದು? ಇದಕ್ಕೆ ಉತ್ತರ ಇದೆ. ಇದನ್ನ ಕೆಟ್ಟದ್ದು ಅಂತ ವಾದ ಮಾಡೋಕೆ ನನ್ನಿಂದಾಗಲ್ಲ. (ಹೊರಗೆ ಹಾರನ್) ವ್ಯಾನ್ ಬಂತು! ಈಗ ಏನು ತಗೊಂಡು ಹೋಗ್ಲಿ? ಖಾಲಿ ಕೈಲಿ ಹೋದರೆ ಸೊನ್ನೆ!

ಅಪ್ಪ ಅಮ್ಮನ ಮುಖ ನೋಡಿದ. ಅಮ್ಮ ಅಪ್ಪನ ಮುಖ ನೋಡಿದಳು. ಆಮೇಲೆ ಇಬ್ಬರೂ ಮೇಜಿನ ಕಡೆ ನೋಡಿದರು.

ಅಮ್ಮ: ನೀವೇ ಹೇಳಿ.

ಅಪ್ಪ: ನಾನ್ಯಾಕೆ? ನೀನು ಟೀಚರು. ನೀನೇ ಹೇಳು.

ಮಗಳು: ಏನು ಹೇಳೋದು? ಯಾಕೆ ಇಬ್ಬರೂ ನನ್ನ ಹೂಜಿ ನೋಡ್ತಿದ್ದೀರಿ?

ಅದು ಅವಳು ಮೊದಲ ವರ್ಷ ಮಾಡಿ, ಅಪ್ಪ ಅಮ್ಮನಿಗೆ ಉಡುಗೊರೆ ಕೊಟ್ಟ ಹೂಜಿ.

ಅಮ್ಮ: ಮಗಳೇ, ಅದರ ಕೊರಳೊಳಗೆ ನನ್ನ ಕೈ ಹೋಗಲ್ಲ. ಒಳಗೆ ತೊಳೆದು ಎಷ್ಟು ದಿನ ಆಯ್ತೋ ದೇವರೇ ಬಲ್ಲ.

ಅಪ್ಪ: ಹಿಡಿ ಇಲ್ಲ. ಒದ್ದೆ ಕೈಲಿ ಹಿಡಿದರೆ ಮೀನು ಜಾರಿದ ಹಾಗೆ ಜಾರುತ್ತೆ.

ಅಮ್ಮ: ಬಗ್ಗಿಸಿದರೆ ನೀರು ಲೋಟಕ್ಕೆ ಮಾತ್ರ ಬೀಳಲ್ಲ. ನನ್ನ ಹೆಗಲ ಮೇಲೆ ಈ ಬಟ್ಟೆ ಯಾತಕ್ಕೆ ಅಂದುಕೊಂಡೆ?

ಅಪ್ಪ: ನಾನೇ ನೀರು ಹಾಕ್ತೀನಿ, ನಾನೇ ಹಾಕ್ತೀನಿ ಅಂತ ನಾನು ದಿನಾ ಯಾಕೆ ಓಡಿ ಬರ್ತಿದ್ದೆ ಗೊತ್ತಾ? ನಿನ್ನ ಪುಸ್ತಕದ ಮೇಲೆ ನೀರು ಬೀಳದೆ ಇರಲಿ ಅಂತ.

ಮಗಳು: ಆದರೆ... ಅದಕ್ಕೆ ಇಡೀ ಕ್ಲಾಸಲ್ಲೇ ಹೆಚ್ಚು ಮಾರ್ಕ್ಸ್ ಬಂದಿತ್ತು!

ಅಮ್ಮ: ಕೊಟ್ಟೋರು ಅದರಲ್ಲಿ ನೀರು ಬಗ್ಗಿಸಿಕೊಂಡು ಕುಡಿದ್ರಾ?

ಮಗಳು: ಇಲ್ಲ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿದ್ರು.

ಅಮ್ಮ: ಅಲ್ಲಿ ಚೆನ್ನಾಗೇ ಇತ್ತೇನೋ.

ಮಗಳು: ಇಷ್ಟು ದಿನ ಒಂದು ಮಾತಾದರೂ ಹೇಳಬಾರದಿತ್ತಾ?

ಅಪ್ಪ: ಹೇಗೆ ಹೇಳೋದು? ನೀನು ಮಾಡಿದ್ದಲ್ವಾ.

ಮಗಳಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಕೊನೆಗೆ ನಗುವೇ ಗೆದ್ದಿತು. ಹೂಜಿಯನ್ನೆತ್ತಿ ಕಂಕುಳಲ್ಲಿಟ್ಟುಕೊಂಡಳು. ಉಳಿದಿದ್ದ ನೀರು ಅವಳ ಕಾಲ ಮೇಲೆಯೇ ಸುರಿಯಿತು.

ಮಗಳು: ಯಾರಿಗೋಸ್ಕರ ಮಾಡಿದ್ದು ಅಂತ ಕೇಳಿದರೆ, ಮಾರ್ಕ್ಸಿಗೋಸ್ಕರ ಅಂತ ನಿಜ ಹೇಳ್ತೀನಿ. ಇದಕ್ಕಿಂತ ಕೆಟ್ಟ ವಸ್ತು ತರೋರು ಯಾರು ಬರ್ತಾರೋ ನೋಡೋಣ!

ಅಪ್ಪ: ಅವತ್ತು ಇದಕ್ಕೆ ಮಾರ್ಕ್ಸ್ ಕೊಟ್ಟ ಮೇಷ್ಟ್ರೇನಾ ಇವತ್ತೂ?

ಮಗಳು: ಅವರೇ.

ಅಪ್ಪ: ಸ್ವಲ್ಪ ನೀರು ತುಂಬಿಸಿಕೊಂಡು ಹೋಗು. ಅವರೂ ಒಂದು ಲೋಟ ಕುಡೀಲಿ.

ಅವಳು ಮೆಟ್ಟಿಲಿಳಿದು ಓಡಿದಳು. ವ್ಯಾನಿನ ಬಾಗಿಲು ತೆರೆದ ಸದ್ದಾಯಿತು. ಮರುಗಳಿಗೆಗೆ ಏದುಸಿರು ಬಿಡುತ್ತ ತಿರುಗಿ ಬಂದಳು. ಚೀಲದಿಂದ ಅಳತೆ ಟೇಪು ತೆಗೆದು ಅಪ್ಪನ ಕೈ ಹಿಡಿದು, ಅಂಗೈ ಅಗಲ, ಬೆರಳುದ್ದ, ಹಿಡಿ ಮುಚ್ಚಿದರೆ ಎಷ್ಟು, ಎಲ್ಲ ಅಳೆದಳು.

ಅಪ್ಪ: ಇದೇನಮ್ಮ, ಕೈಗೆ ಅಂಗಿ ಹೊಲಿಸ್ತೀಯಾ?

ಮಗಳು: ಹೊಸ ಹೂಜಿ ಮಾಡ್ತೀನಿ. ಹಿಡಿ ಇರೋದು. ಈ ಸಲ ಬಳಸೋರನ್ನ ನೋಡಿಯೇ ಮಾಡ್ತೀನಿ.

ಅಮ್ಮ: (ಸೋಫಾ ಮೇಲಿನ ಚಪ್ಪಲಿಗಳನ್ನು ಒಂದೊಂದಾಗಿ ಇಳಿಸುತ್ತ) ಹಾಗಾದ್ರೆ ಬೇಗ ಮಾಡಿಬಿಡಮ್ಮ. ಅಷ್ಟರಲ್ಲಿ ನಿಮ್ಮಪ್ಪ ಬೆಳೆದುಬಿಟ್ಟಾರು.